ಸಂಜೆ ಮಂಡಕ್ಕಿಗೆ ಒಂದು ಹಿಡಿ ಶೇಂಗಾ
ಖಾರ ಮಂಡಕ್ಕಿ ಕಲಸುವಾಗ ಒಂದು ಹಿಡಿ ಹುರಿದ ಶೇಂಗಾ, ಸ್ವಲ್ಪ ಮೊಳಕೆ ಹೆಸರುಕಾಳು ಸೇರಿಸಿ, ಅಷ್ಟು ಮಂಡಕ್ಕಿ ಕಡಿಮೆ ಮಾಡಿ. ಆಮೇಲೆ ರಾತ್ರಿ ಊಟದವರೆಗೂ ಹಸಿವು ಅಷ್ಟಾಗಿ ಕಾಡಲ್ಲ. ಬರೀ ಮಂಡಕ್ಕಿ ಬೇಗ ಜೀರ್ಣವಾಗಿ ರಕ್ತದಲ್ಲಿ ಸಕ್ಕರೆ ಏರಿಸುತ್ತದೆ, ಮತ್ತೆ ಬೇಗ ಹಸಿವಾಗುತ್ತದೆ. ಶೇಂಗಾದ ಪ್ರೋಟೀನ್, ಕೊಬ್ಬು ಹೊಟ್ಟೆ ಖಾಲಿಯಾಗುವುದನ್ನೇ ನಿಧಾನ ಮಾಡುತ್ತವೆ. 30 ಗ್ರಾಂ ಶೇಂಗಾದಲ್ಲಿ ಸುಮಾರು 7 ಗ್ರಾಂ ಪ್ರೋಟೀನ್ ಇರುತ್ತದೆ. ಶೇಂಗಾ ಬೆಳೆಗೆ ಹೆಸರಾದ ಚಳ್ಳಕೆರೆ ಪಕ್ಕದಲ್ಲೇ ಇರುವಾಗ ದಾವಣಗೆರೆಯ ನಮಗೆ ಶೇಂಗಾಕ್ಕೇನು ಬರ, ಅಲ್ವಾ? ಆದರೆ ಜೊತೆಗೆ ನಾಲ್ಕು ಮಿರ್ಚಿ ಬಜ್ಜಿ, ಸಕ್ಕರೆ ಜಾಸ್ತಿ ಹಾಕಿದ ಚಹಾ ಇದ್ದರೆ ಇದೆಲ್ಲ ಸುಮ್ನೆ. ದಾವಣಗೆರೆಯವರಿಗೆ ಮಿರ್ಚಿ ಬಿಡಿ ಅನ್ನೋ ಧೈರ್ಯ ನನಗಿಲ್ಲ, ಒಂದಕ್ಕೆ ನಿಲ್ಲಿಸಿ. ಶುಗರ್ ಇರುವವರು ಶೇಂಗಾ ಹಾಕಿದ್ದೀವಿ ಅಂತ ಮಂಡಕ್ಕಿ ಹೆಚ್ಚು ತಿನ್ನಬೇಡಿ. ಶೇಂಗಾ ಅಲರ್ಜಿ ಇದ್ದವರಿಗೆ ಇದು ಬೇಡವೇ ಬೇಡ.