ಆಮಂತ್ರಣದಲ್ಲಿ ‘ಅಧ್ಯಕ್ಷ’ ಹಾಕುವ ಮುಂಚೆ

ಮಡಿಕೇರಿಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಫ್ಲೆಕ್ಸ್, ಆಮಂತ್ರಣ, ರಸೀದಿ ಪುಸ್ತಕ. ‘ಅಧ್ಯಕ್ಷ’ ಟೈಪ್ ಮಾಡದೆ ಬಾಗಿಲು ಹಾಕಿದ ದಿನವೇ ಕಡಿಮೆ.

ಮೊದಲು ಕಾಗುಣಿತ. ಚೀಟಿಯಲ್ಲಿ ‘ಅದ್ಯಕ್ಷ’ ಅಂತ ಬರೆದು ತರುವವರೇ ಜಾಸ್ತಿ. ಅಧಿ, ಅಕ್ಷ ಎರಡೂ ಸೇರಿ ಅಧ್ಯಕ್ಷ. ‘ಅಧಿಕಾರ’ದ ಧ ಇಲ್ಲೂ ಇದೆ ಅಂತ ನೆನಪಿಟ್ಟರೆ ಹೊಟ್ಟೆ ಸೀಳುವುದು ಮರೆಯುವುದಿಲ್ಲ.

ಹೆಂಗಸರಾದರೆ? ‘ಅಧ್ಯಕ್ಷೆ’ ಸರಿ, ‘ಅಧ್ಯಕ್ಷರು’ ಅಂದರೂ ಸರಿ. ಗೌರವ ಸೇರಿಸಿದರೆ ‘ಅಧ್ಯಕ್ಷೆಯವರು’. ಒಮ್ಮೆ ಪಂಚಾಯಿತಿ ಕಾರ್ಯಕ್ರಮದ ಫ್ಲೆಕ್ಸಿನಲ್ಲಿ ನಾನೇ ಒಂದು ‘ವ’ ನುಂಗಿ ‘ಅಧ್ಯಕ್ಷೆಯರು’ ಮಾಡಿದ್ದೆ. ‘ನಮಗೆ ಎಷ್ಟು ಜನ ಅಧ್ಯಕ್ಷೆಯರು ಮಾರಾಯ?’ ಅಂತ ಫೋನು ಬಂತು. ಜುಲೈ ಮಳೆಯಲ್ಲಿ ಏಣಿ ಹತ್ತಿ, ಇಡೀ ಪದದ ಮೇಲೆ ಸ್ಟಿಕ್ಕರ್ ಅಂಟಿಸಿ ಬಂದೆ.

ದೇಶದ ವಿಷಯಕ್ಕೆ ಬಂದರೆ, ನಮ್ಮವರು ರಾಷ್ಟ್ರಪತಿ. ಅಮೆರಿಕ, ಫ್ರಾನ್ಸಿನವರು ಅಧ್ಯಕ್ಷರು. 2021ರ ಫೆಬ್ರವರಿಯಲ್ಲಿ ರಾಮನಾಥ ಕೋವಿಂದ್ ಇಲ್ಲಿನ ತಿಮ್ಮಯ್ಯ ಮ್ಯೂಸಿಯಂ ಉದ್ಘಾಟನೆಗೆ ಬಂದಾಗ, ಒಬ್ಬರು ‘ಭಾರತದ ಅಧ್ಯಕ್ಷರಿಗೆ ಸ್ವಾಗತ’ ಅಂತ ಬರೆದು ತಂದಿದ್ದರು. ತಿದ್ದಿಸಿದೆ. ದ್ರೌಪದಿ ಮುರ್ಮು ಅವರೂ ರಾಷ್ಟ್ರಪತಿಯೇ. ಇಲ್ಲಿ ‘ಪತಿ’ ಅಂದರೆ ಗಂಡ ಅಲ್ಲ, ಒಡೆಯ. ಹೆಣ್ಣುರೂಪ ಹುಡುಕಲು ಹೋಗಬೇಡಿ.

ವಿಧಾನಸಭೆಗೆ ಸಭಾಧ್ಯಕ್ಷ, ವಿಧಾನ ಪರಿಷತ್ತಿಗೆ ಸಭಾಪತಿ. ನಮ್ಮ ಕೆ.ಜಿ. ಬೋಪಯ್ಯ 2009ರಿಂದ 2013ರವರೆಗೆ ಇದ್ದದ್ದು ಸಭಾಧ್ಯಕ್ಷರಾಗಿ.

ಇನ್ನೊಂದು ಗೊಂದಲ: ಸಂಘದ ಅಧ್ಯಕ್ಷರೇ ಸಭೆಯ ಅಧ್ಯಕ್ಷತೆ ವಹಿಸಬೇಕೆಂದಿಲ್ಲ. 2014ರಲ್ಲಿ ಮಡಿಕೇರಿಯಲ್ಲೇ ಸಾಹಿತ್ಯ ಸಮ್ಮೇಳನ ಆಯಿತಲ್ವಾ? ಸಮ್ಮೇಳನಾಧ್ಯಕ್ಷರು ನಾ. ಡಿಸೋಜ, ಕನ್ನಡ ಸಾಹಿತ್ಯ ಪರಿಷತ್ತಿನ ಅಧ್ಯಕ್ಷರು ಬೇರೆ. ಅದಕ್ಕೇ ‘ಅಧ್ಯಕ್ಷತೆ’ ಅನ್ನುವ ಸಾಲಿನಲ್ಲಿ ಆ ದಿನ ಸಭೆ ನಡೆಸುವವರ ಹೆಸರು ಹಾಕಿ. ಸಂಘದ ಹುದ್ದೆ ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿ ಇರಲಿ.

ಕೊಡವ ಒಕ್ಕಗಳ (ಅಂದರೆ ಮನೆತನಗಳ) ಕಾರ್ಡು ಬಂದಾಗ ಮಾತ್ರ ನಾನು ಎರಡು ಸಲ ಕೇಳುತ್ತೇನೆ. ಒಕ್ಕದ ಹಿರಿಯ ಪಟ್ಟೆದಾರ. ಅದು ವಯಸ್ಸಿನಿಂದ ಬರುವ ಸ್ಥಾನ, ಓಟಿನಿಂದ ಅಲ್ಲ. ಒಂದು ಸಲ ತಿಳಿಯದೆ ಪಟ್ಟೆದಾರರೊಬ್ಬರ ಹೆಸರಿನ ಕೆಳಗೆ ‘ಅಧ್ಯಕ್ಷರು’ ಅಂತ ಹಾಕಿದ್ದೆ. ಆ ಅಜ್ಜ ಕೋಲು ಊರಿಕೊಂಡು ಅಂಗಡಿಗೇ ಬಂದರು. ಬೈಯಲಿಲ್ಲ. ಕಾರ್ಡು ಮೇಜಿನ ಮೇಲಿಟ್ಟು, ‘ನನ್ನನ್ನು ಯಾವಾಗ ಎಲೆಕ್ಷನ್‌ಗೆ ನಿಲ್ಲಿಸಿದೆ?’ ಅಂದರು. ಇನ್ನೂರು ಕಾರ್ಡು ನನ್ನ ಖರ್ಚಿನಲ್ಲೇ ಮತ್ತೆ ಅಚ್ಚಾಯಿತು. ಈಗ ಎರಡು ಸಾಲು ಬಿಡುತ್ತೇನೆ: ಮೇಲೆ ಪಟ್ಟೆದಾರರು, ಕೆಳಗೆ ಒಕ್ಕದ ಸಂಘದ ಅಧ್ಯಕ್ಷರು.