ವೈನಿಗೂ ಒಂದು ಕಟ್ಟು ಇರುತ್ತದೆ

ಚಿಕ್ಕಮಗಳೂರಿನ ಒಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕಾಫಿ ಕಪ್ಪಿಂಗ್, ಅಂದರೆ ರುಚಿ ನೋಡಿ ಗುಣಮಟ್ಟ ಅಳೆಯುವುದು, ನನ್ನ ಕೆಲಸ. 8.25 ಗ್ರಾಂ ಪುಡಿಗೆ 150 ಮಿಲಿ ಬಿಸಿನೀರು, ನಾಲ್ಕು ನಿಮಿಷ ಕಾದು ಮೇಲೆ ಕಟ್ಟಿದ ಪದರ ಒಡೆದು, ಚಮಚದಿಂದ ಸೊರ್ರೆಂದು ಎಳೆದು, ಬಾಯಿ ತುಂಬ ಆಡಿಸಿ ಉಗುಳುವುದು. ನಮ್ಮ ಫಾರಂನಲ್ಲಿ ‘ಬಾಡಿ’ ಅಂತ ಒಂದು ಕಾಲಂ ಇರುತ್ತದೆ. ಅದರಲ್ಲಿ ಅಂಕಿ ಬರೆಯುತ್ತಾ ಹದಿನಾಲ್ಕು ವರ್ಷವಾಯಿತು. ಹಾಗಿದ್ದೂ ಒಂಬತ್ತು ವರ್ಷದ ಹಿಂದೆ ಗೆಳೆಯನೊಬ್ಬ ಬೆಂಗಳೂರಿನಿಂದ ಒಂದು ಬಾಟಲಿ ತಂದು ‘ಫುಲ್ ಬಾಡೀಡ್ ರೆಡ್’ ಅಂದಾಗ, ನನಗೆ ಅರ್ಥವಾದದ್ದು ‘ಕಿಕ್ ಜಾಸ್ತಿ’ ಅಂತ.

ಅಲ್ಲಿಯವರೆಗೆ ನನಗೆ ಗೊತ್ತಿದ್ದ ವೈನ್ ಒಂದೇ. ನಮ್ಮ ಬೀದಿಯ ಆಂಟಿ ಕ್ರಿಸ್‌ಮಸ್‌ಗೆ ಕೇಕಿನ ಜೊತೆ ಪುಟ್ಟ ಲೋಟದಲ್ಲಿ ಕೊಡುತ್ತಿದ್ದದ್ದು. ಬೆಂಗಳೂರು ಬ್ಲೂ ದ್ರಾಕ್ಷಿ, ಸಕ್ಕರೆ, ಒಂದು ಹಿಡಿ ಗೋಧಿ, ಚಕ್ಕೆ ಲವಂಗ. ಭರಣಿಯ ಬಾಯಿಗೆ ಬಟ್ಟೆ ಕಟ್ಟಿ ಮೂಲೆಯಲ್ಲಿ ಇಟ್ಟು ಮಾಡಿದ ಸಿಹಿ ಪಾನಕ. ಅದೇ ನಿರೀಕ್ಷೆಯಲ್ಲಿ ಗೆಳೆಯನ ಬಾಟಲಿಯಿಂದ ಒಂದು ದೊಡ್ಡ ಗುಟುಕು ಎಳೆದೆ. ಸಿಹಿಯ ಸುಳಿವೇ ಇಲ್ಲ. ವಸಡು ಬಿಗಿಯಿತು, ಕೆನ್ನೆಯ ಒಳಗೋಡೆಗೆ ಯಾರೋ ಮರಳು ಕಾಗದ ಉಜ್ಜಿದ ಹಾಗಾಯಿತು. ಕಷಾಯಕ್ಕೆ ಇಷ್ಟು ದುಡ್ಡು ಕೊಟ್ಟೆಯಲ್ಲ ಮಾರಾಯ ಅಂದೆ.

ಪಕ್ಕದಲ್ಲಿ ಅಪ್ಪ ಕೂತಿದ್ದರು. ಕೊಪ್ಪದ ಕಡೆಯ ಅಡಿಕೆ ತೋಟದವರು, ಕುಡಿಯುವವರಲ್ಲ. ಏನಿದೆ ನೋಡೋಣ ಅಂತ ನನ್ನ ಲೋಟದಿಂದಲೇ ಒಂದು ಚಮಚದಷ್ಟು ಬಾಯಿಗೆ ಹಾಕಿಕೊಂಡು, ನಾಲಿಗೆಯನ್ನು ಅಂಗುಳಕ್ಕೆ ಒತ್ತಿ, ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ಇದು ಚೊಗರು ಕಣೋ.”

ಆ ಒಂದು ಮಾತಿನಿಂದ ನನಗೆ ಬಾಗಿಲು ತೆರೆಯಿತು. ಹಸಿ ಅಡಿಕೆ ಸುಲಿದು ಹಂಡೆಯಲ್ಲಿ ಬೇಯಿಸಿದಾಗ ಉಳಿಯುವ ಕೆಂಪು ನೀರೇ ಚೊಗರು. ಅದೇ ನೀರಿನಲ್ಲಿ ಮತ್ತೆ ಮತ್ತೆ ಅಡಿಕೆ ಬೇಯಿಸಿ ಮಂದ ಮಾಡಿದರೆ ಕೆಂಪಡಿಕೆಗೆ ಬಣ್ಣ ಕೊಡುವ ಚೊಗರು ಸಿಗುತ್ತದೆ. ಚಿಕ್ಕವನಿದ್ದಾಗ ಪಂಥಕ್ಕೆ ಬಿದ್ದು ಅದನ್ನು ಬೆರಳಲ್ಲಿ ಅದ್ದಿ ನೆಕ್ಕಿದ್ದೆ. ಸಂಜೆಯವರೆಗೆ ಬಾಯಿ ಬಿಗಿದುಕೊಂಡಿತ್ತು. ಅದರಲ್ಲಿರುವುದೂ ಟ್ಯಾನಿನ್, ಕೆಂಪು ವೈನಿನಲ್ಲಿರುವುದೂ ಟ್ಯಾನಿನ್. ಜೊಲ್ಲಿನಲ್ಲಿ ಬಾಯಿಯನ್ನು ಜಾರುವ ಹಾಗೆ ಇಡುವ ಪ್ರೋಟೀನುಗಳಿವೆ. ಟ್ಯಾನಿನ್ ಅವನ್ನು ಹಿಡಿದು ಗಂಟು ಕಟ್ಟಿಬಿಡುತ್ತದೆ, ಆಗ ಬಾಯಿ ಒಣಗಿ ಒರಟಾಗುತ್ತದೆ. ಇಂಗ್ಲಿಷಿನವರು ಅದನ್ನು ವಿವರಿಸಲು ಸಾಲುಗಟ್ಟಲೆ ಬರೆಯುತ್ತಾರೆ, ನಮಗೆ ‘ಒಗರು’ ಅಂದರೆ ಮುಗಿಯಿತು. ನೇರಳೆ ಹಣ್ಣು ತಿಂದ ಬಾಯಿ, ಬಾಳೆಕಾಯಿ ಕಚ್ಚಿದ ಬಾಯಿ, ನೆಲ್ಲಿಕಾಯಿ ಅಗಿದ ಬಾಯಿ, ಮೂರಕ್ಕೂ ಬೇರೆ ಬೇರೆ ಒಗರು ಇದೆ ಅಂತ ಮಲೆನಾಡಿನ ಮಕ್ಕಳಿಗೂ ಗೊತ್ತು.

ಒಗರು ಅರ್ಥವಾದರೂ ‘ಬಾಡಿ’ ಆಗಲಿಲ್ಲ. ಅದಕ್ಕೆ ಅಡುಗೆಮನೆಗೇ ಹೋಗಬೇಕಾಯಿತು. ತಿಳಿಸಾರಿಗೂ ಕಟ್ಟಿನ ಸಾರಿಗೂ ಉಪ್ಪು, ಹುಳಿ, ಖಾರ ಒಂದೇ ಇರಬಹುದು, ಆದರೆ ಒಂದು ನಾಲಿಗೆಯ ಮೇಲೆ ಓಡಿಹೋಗುತ್ತದೆ, ಇನ್ನೊಂದು ಕೂತು ಹೋಗುತ್ತದೆ. ಆ ಕೂರುವಿಕೆಯೇ ಬಾಡಿ. ಬೇಳೆ ಕಟ್ಟು ಅನ್ನುತ್ತೇವೆ, ಆಳಿನ ಮೈಕಟ್ಟು ಅನ್ನುತ್ತೇವೆ. ಹಾಗಾಗಿ ನಾನು ವೈನಿನ ಬಾಡಿಗೆ ‘ಕಟ್ಟು’ ಅಂತಲೇ ಹೇಳುತ್ತೇನೆ. ವೈನಿಗೆ ಕಟ್ಟು ಬರುವುದು ಆಲ್ಕೋಹಾಲ್, ಟ್ಯಾನಿನ್, ಗ್ಲಿಸರಾಲ್, ಸಿಪ್ಪೆಯಿಂದ ಕರಗಿ ಬಂದ ಇತರ ಸಾರ ಎಲ್ಲ ಸೇರಿ. ಕಟ್ಟುಳ್ಳ ಕೆಂಪು ವೈನಿನಲ್ಲಿ ಆಲ್ಕೋಹಾಲ್ ಸಾಮಾನ್ಯವಾಗಿ ಶೇಕಡಾ 13.5ರಿಂದ 15. ನನ್ನ ‘ಕಿಕ್’ ಊಹೆ ಪೂರ್ತಿ ಸುಳ್ಳೇನಲ್ಲ, ಕಾಲು ಭಾಗ ಸತ್ಯ. ಇನ್ನು ಬಣ್ಣ ನೋಡಿ ಮೋಸ ಹೋಗಬಾರದು: ಇಟಲಿಯ ನೆಬಿಯೋಲೋ ದ್ರಾಕ್ಷಿಯ ವೈನ್ ತಿಳಿಗೆಂಪಾಗಿದ್ದೂ ಬಾಯಿಯನ್ನು ಇಕ್ಕಳದ ಹಾಗೆ ಹಿಡಿಯುತ್ತದೆ. ಗ್ಲಾಸಿನ ಗೋಡೆಯಲ್ಲಿ ಇಳಿಯುವ ಹನಿಗಳನ್ನು ನೋಡಿ ‘ಆಹಾ’ ಅನ್ನುವವರಿದ್ದಾರೆ. ಅದು ಆಲ್ಕೋಹಾಲ್ ಆವಿಯಾಗುವಾಗ ನಡೆಯುವ ಆಟ, ಗುಣಮಟ್ಟದ ಸರ್ಟಿಫಿಕೇಟ್ ಏನಲ್ಲ.

ಮುಂದಿನ ಫೆಬ್ರವರಿಯಲ್ಲಿ ನಂದಿ ಬೆಟ್ಟದ ತಪ್ಪಲಿನ ತೋಟವೊಂದಕ್ಕೆ ಹೋಗಿ ಬಂದೆ, ಕೊಯ್ಲಿನ ಹೊತ್ತು. ನಮ್ಮ ರಾಜ್ಯದಲ್ಲಿ ವೈನ್ ದ್ರಾಕ್ಷಿಗೆ ಬೇಸಿಗೆಯ ಆರಂಭದಲ್ಲಿ ಒಮ್ಮೆ, ಮಳೆಗಾಲ ಮುಗಿಯುವಾಗ ಇನ್ನೊಮ್ಮೆ ಕಪಾತು, ಅಂದರೆ ಬಳ್ಳಿ ಸವರುವುದು. ಬೆಳೆ ಮಾತ್ರ ವರ್ಷಕ್ಕೆ ಒಂದೇ. ನಮ್ಮ ಚಿಕ್ಕಮಗಳೂರಿನಲ್ಲಿ ಯಾಕೆ ಬೆಳೆಯುವುದಿಲ್ಲ ಅಂತ ಕೇಳುವ ಮೊದಲೇ ಉತ್ತರ ಹೊಳೆಯಿತು. ಕಾಫಿಗೇ ಕೊಳೆರೋಗ ಬರುವ ಮಳೆಯಲ್ಲಿ ದ್ರಾಕ್ಷಿ ಬಳ್ಳಿ ಬೂಜು ಹಿಡಿಯದೆ ಉಳಿದೀತೇ?

ಅಲ್ಲಿ ಕ್ಯಾಬರ್ನೆ ಸೋವಿನ್ಯೊನ್ ತಳಿಯ ಗೊಂಚಲಿನಿಂದ ನಾಲ್ಕು ಹಣ್ಣು ಕಿತ್ತು ಕೈಗೆ ಕೊಟ್ಟರು. ಕಡಲೆಕಾಳಿಗಿಂತ ಸ್ವಲ್ಪ ದೊಡ್ಡದು, ತಿನ್ನುವ ದ್ರಾಕ್ಷಿಯ ಮುಂದೆ ಮರಿ. ಸಿಪ್ಪೆ ದಪ್ಪ, ತಿರುಳು ಕಡಿಮೆ, ಬೀಜ ದೊಡ್ಡದು. ಬೆರಳಲ್ಲಿ ಹಿಸುಕಿದರೆ ಹೊರಬಂದ ರಸಕ್ಕೆ ಬಣ್ಣವೇ ಇಲ್ಲ, ನೀರಿನ ಹಾಗೆ. ಸಿಪ್ಪೆಯನ್ನು ತಿಕ್ಕಿದಾಗ ಮಾತ್ರ ಹೆಬ್ಬೆರಳು ನೇರಳೆಯಾಯಿತು. ಬೀಜ ಅಗಿದು ನೋಡಿ ಅಂದರು. ಹಸಿರು ಬೀಜ ಕಹಿ ಒಗರು; ಕಂದು ತಿರುಗಿದ್ದು ಹುರಿದ ಕಾಳಿನ ಹಾಗೆ, ಒಗರಿದ್ದರೂ ಒರಟಿಲ್ಲ. ಎಳೆ ಅಡಿಕೆಗೂ ಬಲಿತ ಅಡಿಕೆಗೂ ಇರುವ ಅಂತರವೇ.

ಬಣ್ಣ, ಒಗರು, ಕಟ್ಟಿನ ಒಂದು ಪಾಲು ಸಿಪ್ಪೆ ಬೀಜದಲ್ಲೇ ಇರುವುದರಿಂದ ಕೆಂಪು ವೈನಿಗೆ ರಸವನ್ನು ಸಿಪ್ಪೆಯ ಜೊತೆಯೇ ಹುಳಿ ಬರಿಸುತ್ತಾರೆ. ಸಿಪ್ಪೆ ಮೇಲೆ ತೇಲಿ ಟೋಪಿಯ ಹಾಗೆ ಕೂರುತ್ತದೆ, ದಿನಕ್ಕೆ ಎರಡು ಮೂರು ಸಲ ಅದನ್ನು ಒಳಕ್ಕೆ ಅದುಮಬೇಕು. ಒಂದು ವಾರದಿಂದ ಮೂರು ವಾರದವರೆಗೂ ಹೀಗೆ. ಕಾಫಿಯವರಿಗೆ ಹೇಳುವುದಾದರೆ ಬಿಳಿ ವೈನ್ ಪಾರ್ಚ್‌ಮೆಂಟ್ ಇದ್ದ ಹಾಗೆ, ಸಿಪ್ಪೆ ತೆಗೆದು ಮುಂದಿನ ಕೆಲಸ. ಕೆಂಪು ವೈನ್ ಚೆರ್ರಿ ಇದ್ದ ಹಾಗೆ. ಸಿಪ್ಪೆಯೊಂದಿಗೇ ಒಣಗಿಸಿದ ಕಾಫಿಗೆ ಬಟ್ಟಲಿನಲ್ಲಿ ಹೆಚ್ಚು ಕಟ್ಟು ಬರುತ್ತದಲ್ಲ, ಇಲ್ಲೂ ತರ್ಕ ಅದೇ. ಆಮೇಲೆ ಓಕ್ ಪೀಪಾಯಿ: ಫ್ರಾನ್ಸಿನ ಬೋರ್ಡೋ ಪದ್ಧತಿಯಲ್ಲಿ 225 ಲೀಟರಿನದು. ಮರದ ಸಂದಿನಿಂದ ನುಸುಳುವ ಒಂಚೂರು ಗಾಳಿ ಒಗರಿನ ಮೊನೆ ಮುರಿಯುತ್ತದೆ, ಮರ ತನ್ನ ವೆನಿಲ್ಲಾ, ಹೊಗೆ ಸೇರಿಸುತ್ತದೆ. ಹೊಗೆ ಜಾಸ್ತಿಯಾದ ವೈನ್ ನನಗಾಗದು. ರೋಸ್ಟ್ ಕಪ್ಪಾಗಿಸಿ ಬೀಜದ ದೋಷ ಮುಚ್ಚುವವರನ್ನು ದಿನವೂ ನೋಡುತ್ತೇನೆ.

ಆ ಪ್ರವಾಸದ ಮೇಲೆ ನಾವು ಐದು ಜನ ತಿಂಗಳಿಗೊಂದು ಬಾಟಲಿ ಅಂತ ದುಡ್ಡು ಹಾಕಿಕೊಂಡೆವು. ಮನೆಗೆ ನಡೆದು ಹೋಗುವವರಿಗೆ ಮಾತ್ರ ಪ್ರವೇಶ. ಶೇಕಡಾ 14 ಆಲ್ಕೋಹಾಲಿನ ವೈನ್ ಎರಡು ಗ್ಲಾಸು ಹಾಕಿ ಚಾರ್ಮಾಡಿ ಇಳಿಯುವ ಸಾಹಸ ನಮ್ಮಲ್ಲಿಲ್ಲ.

ಮೊದಲ ಮೂರು ತಿಂಗಳು ಬರೀ ಎಡವಟ್ಟು. ಒಂದು ಅಂಗಡಿಯಲ್ಲಿ ಬಿಸಿಲು ಬೀಳುವ ಗಾಜಿನ ಕಪಾಟಿನಲ್ಲಿ ಎಷ್ಟು ಕಾಲದಿಂದಲೋ ನೆಟ್ಟಗೆ ನಿಂತಿದ್ದ ಬಾಟಲಿ ತಂದೆ. ಬಿರಡೆ ಒಣಗಿ ಪುಡಿಪುಡಿ, ವೈನ್ ಇಟ್ಟಿಗೆ ಬಣ್ಣ, ವಾಸನೆ ಹಳೇ ಖರ್ಜೂರ ಮತ್ತು ವಿನೆಗರ್. ಮರಳಿ ಕೊಡಲು ಹೋದರೆ ಮಾಲೀಕರು ‘ವೈನ್ ಹಳತಾದಷ್ಟೂ ಒಳ್ಳೇದು ಸಾರ್’ ಅಂದರು! ಈಗ ನಾನು ಹಿಂದಿನ ಸಾಲಿನ, ಕತ್ತಲಲ್ಲಿರುವ ಬಾಟಲಿ ಕೇಳುತ್ತೇನೆ, ಬಿರಡೆಯದ್ದಾದರೆ ಮನೆಯಲ್ಲಿ ಮಲಗಿಸಿ ಇಡುತ್ತೇನೆ.

ಎರಡನೇ ಎಡವಟ್ಟು ‘ರೂಂ ಟೆಂಪರೇಚರ್’. ಕೆಂಪು ವೈನನ್ನು ಫ್ರಿಜ್‌ನಲ್ಲಿ ಇಡಬಾರದು ಅಂತ ಯಾರೋ ಹೇಳಿದ್ದನ್ನು ನಂಬಿ ಏಪ್ರಿಲ್‌ನಲ್ಲಿ ಹಾಸನದ ಅಕ್ಕನ ಮನೆಯಲ್ಲಿ ಹಾಗೇ ತೆರೆದೆ. ಮೂಗಿಗೆ ಸ್ಪಿರಿಟ್ ಹೊಡೆಯಿತು, ಹಣ್ಣು ಎಲ್ಲೋ ಹಿಂದೆ. ಆ ಮಾತು ಹುಟ್ಟಿದ ಯುರೋಪಿನ ಕೋಣೆಗಳು ತಣ್ಣಗಿದ್ದವು. ಬೇಕಾದದ್ದು 16ರಿಂದ 18 ಡಿಗ್ರಿ. ನಮ್ಮೂರಲ್ಲಿ ಡಿಸೆಂಬರಿನ ರಾತ್ರಿ ಏನೂ ಮಾಡಬೇಕಿಲ್ಲ, ಬೇಸಿಗೆಯಲ್ಲಿ ಅರ್ಧ ಗಂಟೆ ಫ್ರಿಜ್. ತೀರಾ ತಣ್ಣಗಾದರೂ ತೊಂದರೆ, ಒಗರು ಹಲ್ಲು ತೋರಿಸುತ್ತದೆ.

ಮೂರನೆಯದು ಅವಸರ, ಬಿರಡೆ ತೆಗೆದ ಕೂಡಲೇ ಕುಡಿದುಬಿಡುವುದು. ಕಾಫಿ ಕಪ್ಪಿಂಗ್‌ನಲ್ಲಿ ಬಿಸಿ ಇಳಿದ ಹಾಗೆ ಮತ್ತೆ ಮತ್ತೆ ರುಚಿ ನೋಡಿ ಗುರುತು ಹಾಕಿಕೊಳ್ಳುತ್ತೇವೆ. ಅದೇ ಅಭ್ಯಾಸದಲ್ಲಿ ಒಂದು ಬಾಟಲಿಗೆ ಗಂಟೆಗಳ ಲೆಕ್ಕ ಇಟ್ಟೆ. ಗ್ರೋವರ್‌ನವರ ಲಾ ರಿಸರ್ವ್ ಅದು, ನಂದಿಯದು, ಕ್ಯಾಬರ್ನೆ ಮತ್ತು ಶಿರಾಜ್ ತಳಿ ಬೆರೆಸಿದ್ದು. ಸಂಜೆ ಏಳಕ್ಕೆ ಬಿರಡೆ ತೆಗೆದಾಗ ಬಾಯಿ ಮುಚ್ಚಿಕೊಂಡಿತ್ತು: ಮರ, ಒಗರು, ಅಷ್ಟೇ. ಉಳಿದದ್ದನ್ನು ಅಗಲ ಬಾಯಿಯ ಗಾಜಿನ ನೀರಿನ ಜಗ್ಗಿಗೆ ಸುರಿದು ಬಿಟ್ಟೆ. ಎಂಟು ಗಂಟೆಗೆ ಕಪ್ಪು ಹಣ್ಣಿನ ವಾಸನೆ ಎದ್ದಿತು, ನೇರಳೆಯನ್ನು ಉಪ್ಪು ಹಾಕಿ ಕುಲುಕಿದ ಹಾಗೆ. ಒಂಬತ್ತೂವರೆಗೆ ಒಗರು ಮರಳು ಕಾಗದದಿಂದ ವೆಲ್ವೆಟ್ಟಿಗೆ ಇಳಿದಿತ್ತು. ಇದ್ದಲ್ಲೇ ಇದೆ, ಚುಚ್ಚುವುದಿಲ್ಲ. ಫ್ರಿಜ್‌ನಲ್ಲಿಟ್ಟು ಮರುದಿನ ನೋಡಿದರೂ ಚೆನ್ನಾಗಿತ್ತು. ಮೂರನೇ ದಿನ ಹಣ್ಣು ಮಾಯ, ಹುಳಿ ಮುಂದೆ, ಮಟನ್ನಿಗೆ ಸುರಿದೆ. ಹಳೆಯ ಬಾಟಲಿಯಲ್ಲಿ ತಳದಲ್ಲಿ ಗಸಿ ಇರುತ್ತದೆ, ಫಿಲ್ಟರಿನ ಕೊನೆಯ ಡಿಕಾಕ್ಷನ್ ಬಗ್ಗಿಸುವ ಹಾಗೆ ನಿಧಾನ ಬಗ್ಗಿಸಿ ಕೊನೆಯ ಎರಡು ಬೆರಳು ಬಿಟ್ಟುಬಿಡಬೇಕು.

ಶಿರಾಜ್ ವಿಷಯಕ್ಕೆ ಬಂದರೆ ನನಗೆ ಮಾತು ನಿಲ್ಲುವುದಿಲ್ಲ. ಒಂದು ಶಿರಾಜ್ ಮೂಸಿದಾಗ ನಮ್ಮ ಕಣದಲ್ಲಿ ನಿಂತ ಹಾಗಾಯಿತು. ಸಿಲ್ವರ್ ಓಕ್‌ಗೆ ಹಬ್ಬಿದ ಬಳ್ಳಿಯಿಂದ ಕುಯ್ದು, ತುಳಿದು, ಹಾಸಿದ ಕಾಳುಮೆಣಸಿನ ವಾಸನೆ. ನನ್ನ ತಲೆಯ ಆಟವಿರಬೇಕು ಅಂದುಕೊಂಡಿದ್ದೆ. ಆದರೆ ಆಸ್ಟ್ರೇಲಿಯಾದ ಸಂಶೋಧಕರು 2008ರಲ್ಲಿ ಪ್ರಕಟಿಸಿದ್ದಾರೆ: ಶಿರಾಜ್‌ಗೆ ಮೆಣಸಿನ ವಾಸನೆ ಕೊಡುವುದು ರೊಟಂಡೋನ್ ಅನ್ನುವ ವಸ್ತು, ಕಾಳುಮೆಣಸಿನಲ್ಲೂ ಅದೇ ಇದೆ. ಲೀಟರಿಗೆ ಒಂದು ಗ್ರಾಮಿನ ಶತಕೋಟಿಯ ಕೆಲವೇ ಭಾಗಗಳಿದ್ದರೂ ಮೂಗು ಹಿಡಿಯುತ್ತದೆ. ಅದಕ್ಕಿಂತ ತಮಾಷೆಯ ಸಂಗತಿ, ಸುಮಾರು ಐವರಲ್ಲಿ ಒಬ್ಬರಿಗೆ ಅದು ತುಂಬಾ ಇದ್ದರೂ ತಿಳಿಯುವುದೇ ಇಲ್ಲ. ನಮ್ಮ ಐವರಲ್ಲಿ ಆ ಒಬ್ಬ ಯಾರು ಗೊತ್ತೇ? ಎಲ್ಲರಿಗಿಂತ ಹೆಚ್ಚು ಮೆಣಸು ಬೆಳೆಯುವ ಮೂಡಿಗೆರೆಯವನು. ಇವರೆಲ್ಲ ಸೇರಿ ತನ್ನನ್ನು ಆಡಿಸುತ್ತಿದ್ದಾರೆ ಅಂತ ಇವತ್ತಿಗೂ ಅವನ ಗುಮಾನಿ.

ಇಂಥ ವೈನನ್ನು ಬರೀ ಕುಡಿಯಲು ಕೂತರೆ ಅದರ ಅರ್ಧ ಗುಣ ಗೊತ್ತಾಗುವುದಿಲ್ಲ ಅನ್ನುವುದು ನನ್ನ ಹಟ. ಒಗರಿಗೆ ಹಿಡಿಯಲು ಪ್ರೋಟೀನು, ಜಿಡ್ಡು ಬೇಕು. ಊಟದಲ್ಲಿ ಸಿಕ್ಕರೆ ಬಾಯಿಯ ಜೊಲ್ಲನ್ನು ಬಿಡುತ್ತದೆ. ಆದರೆ ನಮ್ಮ ಊಟ ಸುಲಭದ್ದಲ್ಲ. ನಾಟಿ ಕೋಳಿ ಸಾರಿನ ಜೊತೆ ಇಟ್ಟ ದಿನ ಬ್ಯಾಡಗಿ, ಗುಂಟೂರು ಎರಡೂ ಸೇರಿ ಆಲ್ಕೋಹಾಲನ್ನು ಬೆಂಕಿ ಮಾಡಿದವು, ವೈನ್ ಕಹಿಯಾಯಿತು, ಎಲ್ಲರೂ ನೀರು ಕೇಳಿದರು. ಬಂಗುಡೆ ಫ್ರೈ ಇನ್ನೂ ಕೆಟ್ಟದ್ದು, ತುಕ್ಕು ಹಿಡಿದ ಮೊಳೆ ಚೀಪಿದ ಹಾಗೆ. ಕೆಂಪು ವೈನಿನ ಕಬ್ಬಿಣದ ಅಂಶ ಮೀನಿನ ಜಿಡ್ಡಿನೊಡನೆ ಸೇರಿದರೆ ಹೀಗಾಗುತ್ತದೆ ಅಂತ 2009ರಲ್ಲಿ ಜಪಾನಿನವರು ತೋರಿಸಿದ್ದಾರೆ. ಗೆದ್ದದ್ದು ಒಣಮೆಣಸಿನಕಾಯಿ ಬಿಟ್ಟು ಬರೀ ಕಾಳುಮೆಣಸು, ಬೆಳ್ಳುಳ್ಳಿ, ತುಪ್ಪದಲ್ಲಿ ಹುರಿದ ಮಟನ್, ಜೊತೆಗೆ ಅಕ್ಕಿ ರೊಟ್ಟಿ. ಹಂದಿ ಮಾಂಸದ ಕೊಬ್ಬಿನ ತುಂಡಿಗೂ ಹೊಂದುತ್ತದೆ. ಮಾಂಸ ತಿನ್ನದ ಗೆಳತಿಗೆ ಮೊದಲ ಮಳೆಯ ಅಣಬೆಯನ್ನು ಬೆಣ್ಣೆಯಲ್ಲಿ ಹುರಿದು ಕೊಟ್ಟೆವು. ನನಗೆ ಮಟನ್ನಿಗಿಂತ ಅದೇ ಇಷ್ಟವಾಯಿತು, ಮಣ್ಣಿಗೆ ಮಣ್ಣು ಸೇರಿದ ಹಾಗೆ.

ಅಪ್ಪ ಈಗಲೂ ಬಂದಾಗ ‘ಚೊಗರು ಇದೆಯೇನೋ’ ಅಂತ ಕೇಳಿ ಒಂದು ಚಮಚ ಹಾಕಿಸಿಕೊಳ್ಳುತ್ತಾರೆ. ಕವಳ ಹಾಕಿದ ಬಾಯಲ್ಲಿ ಬೇಡ ಅಂದರೆ ಕೇಳುವುದಿಲ್ಲ. ಇನ್ನು ಹೊಂದದೆ ಉಳಿದದ್ದು ಕಳಲೆ. ಎರಡು ವರ್ಷ ಎರಡು ಬಗೆಯಲ್ಲಿ ಮಾಡಿ ನೋಡಿದೆ, ಅದರ ಘಾಟಿನ ಮುಂದೆ ಯಾವ ಕ್ಯಾಬರ್ನೆಯೂ ನಿಲ್ಲಲಿಲ್ಲ. ಈ ಮಳೆಗಾಲಕ್ಕೆ ತೆಂಗಿನಹಾಲು ಹಾಕಿ ಮಾಡೋಣ ಅಂತ ಅಕ್ಕ ಅಂದಿದ್ದಾಳೆ.