ಫ್ಯೂಸ್ ಹಾಕಿದರೂ ಉಳಿಯದ ಸಾಕೆಟ್

ಕಾರಿನ ಗೇರ್ ಮುಂದಿರುವ 12 ವೋಲ್ಟ್ ಸಾಕೆಟ್ ಕೆಲಸ ನಿಲ್ಲಿಸಿದರೆ ಯಾರನ್ನು ಕೇಳಿದರೂ ಸಿಗುವುದು ಒಂದೇ ಉತ್ತರ: "ಫ್ಯೂಸ್ ಹೋಗಿರುತ್ತೆ, ಬದಲಾಯಿಸಿ." ಮಾತು ಸುಳ್ಳಲ್ಲ, ನಮ್ಮ ಹಳೆಯ ಹ್ಯಾಚ್‌ಬ್ಯಾಕ್‌ನಲ್ಲೂ ಫ್ಯೂಸೇ ಹೋಗಿತ್ತು. ಆದರೆ ಹೊಸದು ಹಾಕಿ ಕೀ ತಿರುಗಿಸಿದ ಕೂಡಲೇ ಅದೂ ಹೋಯಿತು. ಬಡಾವಣೆಯ ಎಲೆಕ್ಟ್ರಿಷಿಯನ್ ಒಬ್ಬರು, "15 ನಿಲ್ತಿಲ್ಲ ಅಂದ್ರೆ 25 ಹಾಕ್ಬಿಡಿ ಸಾರ್, ತಲೆನೋವೇ ಇರಲ್ಲ" ಅಂದರು. ತಲೆನೋವು ಇರುವುದಿಲ್ಲ ನಿಜ, ಆದರೆ ಬೆಂಕಿಯ ಭಯ ಇರುತ್ತದೆ. ಫ್ಯೂಸ್ ಇರುವುದು ನಾವು ಚುಚ್ಚುವ ಚಾರ್ಜರ್ ಕಾಪಾಡಲಿಕ್ಕಲ್ಲ, ಡ್ಯಾಶ್‌ಬೋರ್ಡ್ ಒಳಗೆ ಹಾದುಹೋಗುವ ವೈರ್ ಕಾಪಾಡಲಿಕ್ಕೆ. 15 ಆಂಪಿಯರ್‌ಗೆ ಲೆಕ್ಕ ಹಾಕಿ ಎಳೆದ ವೈರಿಗೆ 25ರ ಫ್ಯೂಸ್ ಹಾಕಿದರೆ, ಶಾರ್ಟ್ ಆದಾಗ ಮೊದಲು ಕರಗುವುದು ವೈರಿನ ಮೇಲಿನ ಪ್ಲಾಸ್ಟಿಕ್ಕೇ. ಹಾಗಾಗಿ ನಾನೇ ಕೈಹಾಕಿದೆ.

ಇಷ್ಟಕ್ಕೆ ಬರುವ ಮೊದಲು ನೋಡಬೇಕಾದ ಸಣ್ಣ ಸಂಗತಿಗಳಿವೆ. ಸಾಕೆಟ್‌ಗೆ ಹಾಕುವ ಸಾಧನ ಬೇರೆ ಕಾರಿನಲ್ಲಿ ನಡೆಯುತ್ತದೆಯೇ? ಕೆಲವು ಪ್ಲಗ್‌ಗಳ ಮೂತಿಯೊಳಗೇ ಪುಟ್ಟ ಗಾಜಿನ ಫ್ಯೂಸ್ ಇರುತ್ತದೆ, ಅದು ಹೋಗಿದ್ದರೆ ಕಾರಿನ ತಪ್ಪೇನೂ ಇಲ್ಲ. ಹೆಚ್ಚಿನ ಕಾರುಗಳಲ್ಲಿ ಕೀ ಎಸಿಸಿ (ಎಂಜಿನ್ ಓಡದೆಯೇ ರೇಡಿಯೊದಂಥವು ನಡೆಯುವ ಸ್ಥಾನ) ಅಥವಾ ಆನ್‌ನಲ್ಲಿ ಇದ್ದರೆ ಮಾತ್ರ ಈ ಸಾಕೆಟ್‌ಗೆ ಕರೆಂಟ್ ಬರುತ್ತದೆ ಎಂಬುದೂ ನೆನಪಿರಲಿ.

ನಮ್ಮ ಕಾರಿನ ಫ್ಯೂಸ್ ಬಾಕ್ಸ್ ಸ್ಟೀರಿಂಗ್ ಕೆಳಗೆ, ಡ್ರೈವರ್‌ನ ಬಲಮೊಣಕಾಲಿನ ಮೇಲ್ಗಡೆ ಇದೆ. ಮುಚ್ಚಳದ ಒಳಬದಿಯಲ್ಲಿ ನಕ್ಷೆ, ಜೊತೆಗೆ ಫ್ಯೂಸ್ ಕೀಳಲು ಚಿಮಟದಂಥ ಪ್ಲಾಸ್ಟಿಕ್ ತುಂಡು. ಬಣ್ಣ ನೋಡಿದರೆ ಆಂಪಿಯರ್ ತಿಳಿಯುತ್ತದೆ: 10ಕ್ಕೆ ಕೆಂಪು, 15ಕ್ಕೆ ನೀಲಿ, 20ಕ್ಕೆ ಹಳದಿ. ಅಗಲ ಒಂದೇ ಇದ್ದರೂ ಮಿನಿ ಮತ್ತು ಲೋ ಪ್ರೊಫೈಲ್ ಫ್ಯೂಸ್‌ಗಳ ಕಾಲಿನ ಉದ್ದ ಬೇರೆ. ಹಳೆಯದನ್ನು ಜೇಬಿನಲ್ಲಿಟ್ಟುಕೊಂಡೇ ಅಂಗಡಿಗೆ ಹೋಗುವುದು ಒಳ್ಳೆಯದು.

ಈಗ ಶಾರ್ಟ್ ಹುಡುಕಬೇಕು. ಒಂದೊಂದೇ ಫ್ಯೂಸ್ ಸುಡುತ್ತಾ ಕೂತರೆ ಮುಗಿಯುವ ಕೆಲಸವಲ್ಲ. ಹಳೆಯ ಆಟೋ ಎಲೆಕ್ಟ್ರಿಷಿಯನ್ನರು ಮಾಡುವ ಉಪಾಯ ಒಂದಿದೆ, ನನಗಂತೂ ವೋಲ್ಟೇಜ್ ಅಳೆಯುವ ಮೀಟರ್‌ಗಿಂತ ಅದೇ ಇಷ್ಟ. 21 ವ್ಯಾಟಿನ ಇಂಡಿಕೇಟರ್ ಬಲ್ಬ್‌ಗೆ ಎರಡು ವೈರ್ ಬೆಸೆದು, ತುದಿಗೆ ಹೋದ ಫ್ಯೂಸ್‌ನ ಕಾಲುಗಳನ್ನು ಸೇರಿಸಿ, ಫ್ಯೂಸ್ ಜಾಗದಲ್ಲಿ ಚುಚ್ಚುವುದು. ಎಷ್ಟೇ ಶಾರ್ಟ್ ಇದ್ದರೂ ಬಲ್ಬ್ ಎರಡು ಆಂಪಿಯರ್‌ಗಿಂತ ಹೆಚ್ಚು ಬಿಡುವುದಿಲ್ಲ, ವೈರಿಗೆ ಅಪಾಯವಿಲ್ಲ. ಸಾಕೆಟ್‌ನಲ್ಲಿ ಏನೂ ಇಲ್ಲದೆ ಕೀ ತಿರುಗಿಸಿದರೆ ಬಲ್ಬ್ ಉರಿಯಬಾರದು. ಅದೇ ಫ್ಯೂಸ್‌ನಲ್ಲಿ ಬೇರೇನಾದರೂ ಸೇರಿದ್ದರೆ ಮಂಕಾಗಿ ಉರಿದೀತು. ನಮ್ಮದು ಝಗ್ಗನೆ ಪೂರ್ತಿ ಬೆಳಕಿನಲ್ಲಿ ಉರಿಯಿತು. ಇನ್ನು ಉಳಿದದ್ದು ಎಲ್ಲಿ ಕಳಚಿದಾಗ ಬಲ್ಬ್ ಆರುತ್ತದೆ ಅಂತ ನೋಡುವುದು.

ಬ್ಯಾಟರಿಯ ನೆಗೆಟಿವ್ ತೆಗೆದು, ಗೇರ್ ಸುತ್ತಲಿನ ಪ್ಯಾನೆಲ್ ಬಿಚ್ಚಿದೆ. ಅದು ನಿಂತಿರುವುದು ಬರೀ ಕ್ಲಿಪ್ಪುಗಳ ಮೇಲೆ. ಸ್ಕ್ರೂಡ್ರೈವರ್ ತೂರಿಸಿದರೆ ಗೀರು ಖಾತ್ರಿ, ಅದಕ್ಕೆ ಪ್ಲಾಸ್ಟಿಕ್ ಪಟ್ಟಿಯಿಂದ ಎಬ್ಬಿಸಿದೆ. ಒಳಗೆ ಹಳದಿ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗಿನದು, ಅದರ ತಂಟೆಗೆ ಹೋಗಬಾರದು. ಮತ್ತೆ ಬ್ಯಾಟರಿ ಸೇರಿಸಿ ಸಾಕೆಟ್ ಹಿಂದಿನ ಕನೆಕ್ಟರ್ ಎಳೆದೆ. ಬಲ್ಬ್ ಆರಿತು. ಅಂದರೆ ವೈರಿಂಗ್ ಸರಿಯಿದೆ, ಶಾರ್ಟ್ ಸಾಕೆಟ್ ಒಳಗೇ. ಕಾರ್ಪೆಟ್ ಎತ್ತಿ ವೈರ್ ಜಾಡು ಹಿಡಿಯುವ ಕೆಲಸ ತಪ್ಪಿತಲ್ಲ, ಅದೇ ಪುಣ್ಯ.

ಟಾರ್ಚ್ ಬಿಟ್ಟು ನೋಡಿದರೆ ತಳದಲ್ಲಿ ಉಗುರಿನಷ್ಟು ಉದ್ದದ ಸ್ಟೀಲ್ ಪಟ್ಟಿ ಮಿಂಚುತ್ತಿತ್ತು. ಸಾಕೆಟ್‌ನ ನಡುವಿನ ಮೊಳೆ ಪಾಸಿಟಿವ್, ಸುತ್ತಲಿನ ಕೊಳವೆ ನೆಗೆಟಿವ್. ಪಟ್ಟಿ ಎರಡಕ್ಕೂ ತಾಗಿ ಅಡ್ಡಲಾಗಿ ಕೂತಿತ್ತು. ಅಗ್ಗದ ಮೊಬೈಲ್ ಚಾರ್ಜರ್‌ನ ಪಕ್ಕದಲ್ಲಿರುವ ಸ್ಪ್ರಿಂಗ್ ಕಾಲು ಅದು, ಮುರಿದು ಒಳಗೇ ಉಳಿದಿತ್ತು. ಮೂತಿಯ ತಿರುಪು ಸಡಿಲವಾಗಿ ಪಿನ್ನು, ಸ್ಪ್ರಿಂಗು ಸಮೇತ ಒಳಗೇ ಕಳಚಿಕೊಳ್ಳುವ ಚಾರ್ಜರ್‌ಗಳೂ ಇವೆ. ಫ್ಯೂಸ್ ಜಾಗದ ಬಲ್ಬ್ ತೆಗೆದಿಟ್ಟು, ಚಿಮಟದಿಂದ ಪಟ್ಟಿ ಎತ್ತಿದೆ. ಹೊಸ 15ರ ಫ್ಯೂಸ್ ನಿಂತಿತು. ಮೀಟರ್ 12.4 ವೋಲ್ಟ್ ತೋರಿಸಿತು.

ಸಾಮಾನ್ಯವಾಗಿ ಎಲ್ಲರೂ ಪ್ಯಾನೆಲ್ ಮುಚ್ಚುವುದು ಇಲ್ಲಿಗೇ. ನಾನು ಟೈರ್‌ಗೆ ಗಾಳಿ ಹಾಕುವ ಪಂಪ್ ಚುಚ್ಚಿ ನೋಡಿದೆ. ಫೋನ್ ಚಾರ್ಜ್ ಆಗುತ್ತಿತ್ತು, ಪಂಪ್ ಮಾತ್ರ ಮುಲುಗಿ ನಿಂತಿತು. ಪಂಪ್ ಓಡಲು ಒದ್ದಾಡುತ್ತಿರುವಾಗಲೇ ಸಾಕೆಟ್ ಹಿಂದಿನ ಕನೆಕ್ಟರ್‌ನಲ್ಲಿ ಮೀಟರ್ ಹಿಡಿದರೆ 9 ವೋಲ್ಟ್ ಕೂಡ ಇಲ್ಲ!

ಮೊದಲು ಮೀಟರ್ 12.4 ಅಂದದ್ದು ಸುಳ್ಳೇನಲ್ಲ, ಅದು ಹೇಳುವುದೇ ಅಷ್ಟು. ಡಿಜಿಟಲ್ ಮೀಟರ್ ಎಳೆದುಕೊಳ್ಳುವ ಕರೆಂಟ್ ಆಂಪಿಯರ್‌ನ ಹತ್ತು ಲಕ್ಷದಲ್ಲಿ ಒಂದು ಪಾಲಿನ ಆಸುಪಾಸು. ಕೂದಲೆಳೆಯಷ್ಟು ಕಾಂಟ್ಯಾಕ್ಟ್ ಇದ್ದರೂ ಅದಕ್ಕೆ ಪೂರ್ತಿ ವೋಲ್ಟೇಜ್ ಕಾಣುತ್ತದೆ. ಪಂಪ್ ಕೇಳುವುದು ಹತ್ತಿರಹತ್ತಿರ 10 ಆಂಪಿಯರ್. ದಾರಿಯಲ್ಲೆಲ್ಲೋ ಬರೀ 0.2 ಓಂ ತಡೆ ಇದ್ದರೂ 2 ವೋಲ್ಟ್ ಅಲ್ಲೇ ಸೋರಿಹೋಗುತ್ತದೆ, ಅದೂ 20 ವ್ಯಾಟ್ ಶಾಖವಾಗಿ. ಸಣ್ಣದೊಂದು ಸೋಲ್ಡರಿಂಗ್ ಐರನ್ನನ್ನು ಡ್ಯಾಶ್‌ಬೋರ್ಡ್ ಒಳಗೆ ಉರಿಯಬಿಟ್ಟ ಹಾಗೆ.

ಕನೆಕ್ಟರ್ ತಿರುಗಿಸಿ ನೋಡಿದೆ. ಪಾಸಿಟಿವ್ ಕಡೆಯ ಬಿಳಿ ಪ್ಲಾಸ್ಟಿಕ್ ಕಂದಿ, ಚಹಾದ ಬಣ್ಣಕ್ಕೆ ತಿರುಗಿತ್ತು. ಒಳಗಿನ ಹೆಣ್ಣು ಟರ್ಮಿನಲ್ ಬಾಯಿ ಬಿಟ್ಟು, ಸಾಕೆಟ್‌ನ ಚಪ್ಪಟೆ ಕಾಲನ್ನು ಹಿಡಿದೇ ಇರಲಿಲ್ಲ. ಅದನ್ನು ಪ್ಲೈಯರ್‌ನಲ್ಲಿ ಒತ್ತಿ ಬಿಗಿ ಮಾಡಬಹುದು, ಕೆಲವರು ಮಾಡುತ್ತಾರೆ. ಕಾದು ಮೆತ್ತಗಾದ ಲೋಹಕ್ಕೆ ಸ್ಪ್ರಿಂಗ್ ಗುಣ ಮರಳಿ ಬರುವುದಿಲ್ಲ, ಬೇಗನೆ ಮತ್ತೆ ಸಡಿಲ. ಕಪ್ಪಾದಷ್ಟು ವೈರ್ ಕತ್ತರಿಸಿ, ಕೆಂಪಗೆ ಹೊಳೆಯುವ ತಾಮ್ರ ಬರುವವರೆಗೆ ಸುಲಿದು, 6.3 ಮಿಲಿಮೀಟರ್‌ನ ಹೊಸ ಟರ್ಮಿನಲ್ ಕ್ರಿಂಪ್ ಮಾಡಿ (ವೈರಿಗೆ ಒತ್ತಿ ಬಿಗಿದು), ಹೀಟ್ ಶ್ರಿಂಕ್ ಸ್ಲೀವ್ (ಕಾಯಿಸಿದರೆ ಕುಗ್ಗಿ ಬಿಗಿಯುವ ಪ್ಲಾಸ್ಟಿಕ್ ಕೊಳವೆ) ಏರಿಸಿದೆ. ನೆಗೆಟಿವ್ ಕಡೆಗೂ ಅದೇ ಉಪಚಾರ. ಸಾಕೆಟ್ ಕೂಡ ಸುಟ್ಟ ವಾಸನೆ ಹೊಡೆಯುತ್ತಿದ್ದರಿಂದ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹೊಸದು ತಂದೆ. ಹಳೆಯದನ್ನು ಬಿಡಿಸಲು ಬಲಪ್ರಯೋಗ ಬೇಡ: ಕೊಳವೆಯ ಒಳಗೆ ಎದುರುಬದುರಾಗಿ ಎರಡು ಕಿಂಡಿಗಳಿವೆ, ಅಲ್ಲಿ ಇಣುಕುವ ಪ್ಲಾಸ್ಟಿಕ್ ಕೊಂಡಿಗಳನ್ನು ಸಣ್ಣ ಸ್ಕ್ರೂಡ್ರೈವರ್‌ನಿಂದ ಒತ್ತಿದರೆ ಈಚೆ ಬರುತ್ತದೆ. ಕಾರು ಇನ್ನೂ ವಾರಂಟಿಯಲ್ಲಿದ್ದರೆ ವೈರ್ ಕತ್ತರಿಸುವ ಈ ಕೆಲಸ ಸರ್ವಿಸ್ ಸೆಂಟರ್‌ಗೇ ಬಿಡುವುದು ಲೇಸು.

ಎಂಜಿನ್ ಓಡುತ್ತಿರುವಾಗ ಪಂಪ್ ಚುಚ್ಚಿ ಮತ್ತೆ ಅಳೆದೆ: ಬ್ಯಾಟರಿಯಲ್ಲಿ 14.1, ಸಾಕೆಟ್‌ನಲ್ಲಿ 13.4. ಒಂದು ಟೈರ್ ಪೂರ್ತಿ ತುಂಬಿಸಿ ಕನೆಕ್ಟರ್ ಮುಟ್ಟಿ ನೋಡಿದರೆ ಉಗುರುಬೆಚ್ಚಗೂ ಇರಲಿಲ್ಲ. ಆಮೇಲೆಯೇ ಪ್ಯಾನೆಲ್ ಒತ್ತಿ ಕೂರಿಸಿದ್ದು. ಲ್ಯಾಪ್‌ಟಾಪ್‌ಗೆ ಅಂತ ದೊಡ್ಡ ಇನ್ವರ್ಟರ್ ತಂದು ಇದಕ್ಕೆ ಚುಚ್ಚಬೇಕೆಂದು ಮಗನ ಬೇಡಿಕೆ ಇದೆ. ಸಾಕೆಟ್ ಮುಚ್ಚಳದ ಮೇಲೆ 120 ವ್ಯಾಟ್ ಅಂತ ಬರೆದಿದೆಯಲ್ಲ, ಅದಕ್ಕಿಂತ ದೊಡ್ಡದಾದರೆ ಬ್ಯಾಟರಿಯಿಂದಲೇ ಬೇರೆ ದಪ್ಪ ವೈರ್ ಎಳೆದು, ಬ್ಯಾಟರಿ ಪಕ್ಕದಲ್ಲೇ ಅದರದೇ ಫ್ಯೂಸ್ ಹಾಕಿ ಕೊಡುತ್ತೇನೆ ಅಂದಿದ್ದೇನೆ.